ಪಿನ್ನು ಕೂತರೆ ಸಾಕೇ?

ಬಳ್ಳಾರಿಯಲ್ಲಿ ಒಂದು ಮದುವೆಯ ಆರ್ಕೆಸ್ಟ್ರಾಕ್ಕೆ ಹೊರಡುವ ಅವಸರ. ಗಿಟಾರ್ ದನಿಯನ್ನು ಗಡುಸಾಗಿಸುವ ಓವರ್‌ಡ್ರೈವ್ ಪೆಡಲ್‌ನ ಅಡಾಪ್ಟರ್ ಕಾಣಲಿಲ್ಲ. ಹಳೆಯ ರೌಟರ್‌ನದನ್ನು ಚುಚ್ಚಿದೆ. ಪಿನ್ನು ಅಳತೆ ಮಾಡಿದಂತೆ ಕೂತಿತು. ಎರಡೇ ಕ್ಷಣಕ್ಕೆ ಸುಟ್ಟ ವಾಸನೆ.

ಅಡಾಪ್ಟರ್‌ನ ಬೆನ್ನು ಓದಿದ್ದು ಆಮೇಲೆ: 12 ವೋಲ್ಟ್, ಪಿನ್ನಿನ ನಡುವೆ ಪ್ಲಸ್. ನನ್ನ ಪೆಡಲ್ ಕೇಳುವುದು 9 ವೋಲ್ಟ್ ಡಿಸಿ, ನಡುವೆ ಮೈನಸ್. ರಿಪೇರಿ ಅಂಗಡಿಯ ಹಿರಿಯರು ಮುಚ್ಚಳ ಬಿಚ್ಚಿ, ಕಪ್ಪಾಗಿ ಸೀಳಿದ್ದ ಅಕ್ಕಿಕಾಳಿನಷ್ಟು ಡಯೋಡ್ ತೋರಿಸಿದರು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. "ಪಿನ್ನು ಕೂತರೆ ಸಾಕೇ, ತಮ್ಮಾ? ಇದು ಸತ್ತು ಉಳಿದವನ್ನು ಉಳಿಸಿದೆ" ಎಂದರು. ಡಯೋಡ್ ಬದಲಾಯಿತು, ಪೆಡಲ್ ಹಾಡಿತು.

ನಂತರ ಸರಿಯಾದ ಅಡಾಪ್ಟರ್ ತಂದು ಒಂದೇ ಸರಪಳಿ ತಂತಿಯಲ್ಲಿ ನಾಲ್ಕು ಪೆಡಲ್ ಪೋಣಿಸಿದೆ. ದನಿಗೆ ಪ್ರತಿಧ್ವನಿ ಕೊಡುವ ಡಿಜಿಟಲ್ ಡಿಲೇ ಪೆಡಲ್ ಸೇರಿದೊಡನೆ ಸೊಳ್ಳೆಯಂತೆ ಸಣ್ಣ ಗುಂಯ್ ಶುರು. ಅದಕ್ಕೆ ಮದ್ದು, ಪ್ರತಿ ಕಿಂಡಿಯ ಕರೆಂಟೂ ಬೇರೆ ಬೇರೆಯಾಗಿರುವ ಐಸೊಲೇಟೆಡ್ ಸಪ್ಲೈ. ಬೆಲೆ ಚುಚ್ಚಿತು, ಸುಳ್ಳೇಕೆ? ಕೊಳ್ಳುವಾಗ ಪ್ರತಿ ಪೆಡಲ್ ಬೇಡುವ ಮಿಲಿಆಂಪ್, ಅಂದರೆ ಕರೆಂಟಿನ ಅಳತೆ, ನೋಡಿದೆ. ಓವರ್‌ಡ್ರೈವ್‌ಗೆ ಹತ್ತಿಪ್ಪತ್ತು ಸಾಕು, ಡಿಜಿಟಲ್‌ದು ನೂರನ್ನೂ ದಾಟಬಹುದು. ಮಿಲಿಆಂಪ್ ಹೆಚ್ಚಿದ್ದರೆ ಭಯವಿಲ್ಲ, ಪೆಡಲ್ ತನಗೆ ಬೇಕಾದಷ್ಟೇ ಎಳೆಯುತ್ತದೆ. ವೋಲ್ಟ್ ಮಾತ್ರ ಹಾಗಲ್ಲ.

ಈಗ ಪ್ರತಿ ಅಡಾಪ್ಟರ್‌ಗೂ ಬಿಳಿ ಪಟ್ಟಿ ಅಂಟಿಸಿ ವೋಲ್ಟ್ ಬರೆದಿದ್ದೇನೆ. ರೌಟರ್‌ನದಕ್ಕೆ ಕೆಂಪು ಶಾಯಿ.