ನಕ್ಷತ್ರಗಳ ಹುಟ್ಟು, ಮುಪ್ಪು, ಸಾವು: ತಾರಸಿಯ ಮೇಲೆ ನಿಂತು ಮಕ್ಕಳಿಗೆ ತೋರಿಸುವುದು ಹೇಗೆ?

ನಕ್ಷತ್ರಗಳೂ ಹುಟ್ಟಿ, ಬೆಳೆದು, ಸಾಯುತ್ತವೆ ಎಂದರೆ ಆರೇಳು ವರ್ಷದ ಮಗು ‘ಅದನ್ನು ನೋಡಿದವರು ಯಾರು?’ ಎಂದು ಕೇಳದೆ ಬಿಡುವುದಿಲ್ಲ. ಒಂದು ನಕ್ಷತ್ರದ ಆಯಸ್ಸು ಕೋಟ್ಯಂತರ ವರ್ಷಗಳಾದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮದುವೆ ಮನೆಗೆ ಹೋದ ಮಗು ತೊಟ್ಟಿಲ ಕೂಸಿನಿಂದ ಮುತ್ತಜ್ಜಿಯವರೆಗೆ ಎಲ್ಲರನ್ನೂ ಒಂದೇ ದಿನ ಕಂಡು ಮನುಷ್ಯರು ಬೆಳೆಯುವ ಬಗೆಯನ್ನು ತಿಳಿಯುವ ಹಾಗೆ, ಆಕಾಶದಲ್ಲಿಯೂ ಎಲ್ಲ ವಯಸ್ಸಿನ ನಕ್ಷತ್ರಗಳನ್ನು ಒಂದೇ ರಾತ್ರಿ ನೋಡಬಹುದು.

ಜನವರಿಯ ನಡುವೆ, ಮೋಡವಿಲ್ಲದ ದಿನ, ರಾತ್ರಿ ಎಂಟರ ಸುಮಾರಿಗೆ ತಾರಸಿಗೆ ಹೋಗಿ. ಅಲ್ಲಿನ ದೀಪ ಆರಿಸಿ, ಮೊಬೈಲನ್ನು ಕೆಳಗೇ ಬಿಟ್ಟು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕಾಲು ಗಂಟೆ ಕೊಡಿ. ಬೆಂಗಳೂರಿನ ಬೀದಿ ದೀಪಗಳ ನಡುವೆಯೂ ಪೂರ್ವದಲ್ಲಿ, ಸಾಕಷ್ಟು ಎತ್ತರದಲ್ಲಿ, ಒಂದರ ಮೇಲೊಂದು ಸಾಲಾಗಿ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧ (ಒರಾಯನ್) ಎಂಬ ಬೇಟೆಗಾರನ ಆಕಾರದ ನಕ್ಷತ್ರಪುಂಜದ ನಡುಪಟ್ಟಿ.

ಹುಟ್ಟಿನಿಂದ ಆರಂಭಿಸಿ. ನಡುಪಟ್ಟಿಯ ಬಲಕ್ಕೆ ಬೈನಾಕ್ಯುಲರ್ ಹಿಡಿದರೆ ಮಸುಕಾದ ಬೆಳಕಿನ ಮಚ್ಚೆಯೊಂದು ಕಾಣುತ್ತದೆ. ಸುಮಾರು 1,300 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ವರ್ಷದಲ್ಲಿ ಸಾಗುವ ದೂರ) ಆಚೆಗಿರುವ ಆ ನೀಹಾರಿಕೆ ಅನಿಲ ಮತ್ತು ಧೂಳಿನ ಮೋಡ. ಅನಿಲದಲ್ಲಿ ಹೆಚ್ಚಿನ ಪಾಲು ಜಲಜನಕ. ಗುರುತ್ವಾಕರ್ಷಣೆಯಿಂದ ಅದು ಅಲ್ಲಲ್ಲಿ ಗಂಟುಗಟ್ಟಿ ಕುಗ್ಗುತ್ತದೆ, ಕುಗ್ಗಿದಷ್ಟೂ ಒಳಗೆ ಬಿಸಿಯೇರುತ್ತದೆ. ಉಷ್ಣತೆ ಸುಮಾರು 1 ಕೋಟಿ ಡಿಗ್ರಿ ಮುಟ್ಟಿದಾಗ ಜಲಜನಕದ ಬೀಜಕಣಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ಆಗ ಹೊಮ್ಮುವ ಶಕ್ತಿಯೇ ನಕ್ಷತ್ರದ ಬೆಳಕು.

ಮುಂದೆ, ನಡುಪಟ್ಟಿಯ ಗೆರೆಯನ್ನೇ ಮೇಲಕ್ಕೆ ಎಳೆಯಲು ಮಗುವಿಗೆ ಹೇಳಿ. ಮೊದಲು ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮೇಲೆ ಕೃತ್ತಿಕೆಯ ಪುಟ್ಟ ಗುಂಪು ಸಿಗುತ್ತದೆ. ಮಳೆ ನಕ್ಷತ್ರಗಳ ಹೆಸರು ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ತಾರಸಿಗೆ ಕರೆತನ್ನಿ. ಕೃತ್ತಿಕೆಯ ವಯಸ್ಸು ಸುಮಾರು 10 ಕೋಟಿ ವರ್ಷ. 460 ಕೋಟಿ ವರ್ಷದ ನಮ್ಮ ಸೂರ್ಯನ ಮುಂದೆ ಅವು ಎಳೆಯ ಮಕ್ಕಳು. ರೋಹಿಣಿಯಾದರೋ ಮುದಿಯಾದದ್ದು. ಅದರ ತಿರುಳಿನ ಜಲಜನಕ ಮುಗಿದಿದೆ, ಮೈ ಸೂರ್ಯನ ನಲವತ್ತು ಪಟ್ಟಿಗಿಂತ ಹೆಚ್ಚು ಅಗಲಕ್ಕೆ ಉಬ್ಬಿದೆ, ಹೊರಮೈ ತಣಿದು ಕೆಂಪಗಾಗಿದೆ.

ಇಲ್ಲಿ ಅವಸರ ಮಾಡಬೇಡಿ, ಏಕೆಂದರೆ ಮಕ್ಕಳಿಗೆ ನಂಬಲು ಅತ್ಯಂತ ಕಷ್ಟವಾಗುವ ಸಂಗತಿ ಈಗ ಬರುತ್ತದೆ. ನಡುಪಟ್ಟಿಯ ಎಡಕ್ಕಿರುವ ಕೆಂಪು ಆರಿದ್ರಾ ಸೂರ್ಯನಿಗಿಂತ ಹತ್ತು ಪಟ್ಟಿಗೂ ಹೆಚ್ಚು ತೂಕದ ದೈತ್ಯ. ಆದರೂ ಹುಟ್ಟಿ ಸುಮಾರು 1 ಕೋಟಿ ವರ್ಷಕ್ಕೇ ಅದು ಸಾವಿನ ಹತ್ತಿರ ಬಂದಿದೆ. ತೂಕ ಹೆಚ್ಚಿದಂತೆ ಒಳಗಿನ ಒತ್ತಡವೂ ಬಿಸಿಯೂ ಹೆಚ್ಚಿ, ಜಲಜನಕ ಬಹುಬೇಗ ಉರಿದುಹೋಗುತ್ತದೆ. ಹೀಗಾಗಿ ದೊಡ್ಡ ನಕ್ಷತ್ರಕ್ಕೇ ಆಯಸ್ಸು ಕಡಿಮೆ.

ಕೊನೆಗೆ ಸಾವು. ಗೆರೆಯನ್ನು ಕೆಳಕ್ಕೆ ಎಳೆದರೆ ಇರುಳಿನ ಅತಿ ಪ್ರಕಾಶಮಾನ ನಕ್ಷತ್ರವಾದ ಲುಬ್ಧಕ ಸಿಗುತ್ತದೆ. ಅದರ ಜೊತೆಗೆ ಬರಿಗಣ್ಣಿಗೆ ಕಾಣದ, ಭೂಮಿಯಷ್ಟೇ ಗಾತ್ರದ ಶ್ವೇತಕುಬ್ಜವೊಂದಿದೆ. ಸಾಧಾರಣ ತೂಕದ ನಕ್ಷತ್ರ ಹೊರಪದರಗಳನ್ನು ಕಳಚಿಕೊಂಡ ಮೇಲೆ ಉಳಿಯುವ ತಿರುಳು ಅದು. ಶ್ವೇತಕುಬ್ಜದ ತೂಕ ಸೂರ್ಯನ ಸುಮಾರು 1.4 ಪಟ್ಟನ್ನು ಮೀರಲಾರದು ಎಂದು ಲೆಕ್ಕ ಹಾಕಿ ತೋರಿಸಿದವರು ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ ಎಸ್. ಚಂದ್ರಶೇಖರ್, 1983ರಲ್ಲಿ ಅವರಿಗೆ ನೊಬೆಲ್ ಬಂದಿತು. ಆರಿದ್ರಾದಂಥ ಭಾರಿ ನಕ್ಷತ್ರಗಳು ಸೂಪರ್‌ನೋವಾ ಆಗಿ ಸಿಡಿಯುತ್ತವೆ. 1054ರಲ್ಲಿ ವೃಷಭ ರಾಶಿಯಲ್ಲಿ ಹಾಗೆ ಸಿಡಿದದ್ದನ್ನು ಚೀನೀಯರು ಹಗಲಿನಲ್ಲೇ ಕಂಡು ಬರೆದಿಟ್ಟರು. ಅಲ್ಲಿ ಉಳಿದ ನ್ಯೂಟ್ರಾನ್ ನಕ್ಷತ್ರದ, ಎಂದರೆ ಕುಸಿದು ಬಿಗಿದುಕೊಂಡ ತಿರುಳಿನ, ಅಗಲ ಯಲಹಂಕದಿಂದ ಜಯನಗರದಷ್ಟು, ಎಂದರೆ ಸುಮಾರು 20 ಕಿಲೋಮೀಟರ್. ಅದು ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತಿದೆ. ಇನ್ನೂ ಭಾರವಾದ ನಕ್ಷತ್ರಗಳು ಬೆಳಕನ್ನೂ ಹೊರಬಿಡದ ಕಪ್ಪುಕುಳಿಗಳಾಗಬಲ್ಲವು.

‘ಹಾಗಾದರೆ ನಮ್ಮ ಸೂರ್ಯನೂ ಸಿಡಿಯುತ್ತಾನಾ?’ ಎಂದು ಮಗು ಹೆದರಿ ಕೇಳಬಹುದು. ಇಲ್ಲವೆಂದು ಧೈರ್ಯವಾಗಿ ಹೇಳಿ, ಸಿಡಿಯುವಷ್ಟು ತೂಕ ಸೂರ್ಯನಿಗಿಲ್ಲ. ಇನ್ನು ಸುಮಾರು 500 ಕೋಟಿ ವರ್ಷಗಳ ನಂತರ ಅವನು ರೋಹಿಣಿಯಂತೆ ಕೆಂಪಗೆ ಉಬ್ಬಿ, ಆಮೇಲೆ ಶ್ವೇತಕುಬ್ಜವಾಗುತ್ತಾನೆ.