ಕಾಲೇಜು ಬದಲಿಸುವ ಬಾಸ್ಕೆಟ್‌ಬಾಲ್ ಆಟಗಾರ ಮತ್ತು 200 ನಿಮಿಷದ ಲೆಕ್ಕ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ತಂಡ ಬದಲಿಸಬೇಕು ಅನ್ನುವ ಆಟಗಾರ ಸಲಹೆಗೆ ಬಂದಾಗ ನಾನು ಮೊದಲು ತೆಗೆಯುವುದು ವಿಡಿಯೊ ಅಲ್ಲ, ಕ್ಯಾಲ್ಕುಲೇಟರ್. ಪಂದ್ಯ 40 ನಿಮಿಷ, ಅಂಗಣದಲ್ಲಿ ಐವರು. ಯಾವ ತಂಡಕ್ಕಾದರೂ ಹಂಚಲು ಇರುವುದು 200 ನಿಮಿಷ ಮಾತ್ರ. ಅವನು ಸೇರಬೇಕೆಂದಿರುವ ತಂಡದಲ್ಲಿ ಮುಂದಿನ ವರ್ಷಕ್ಕೂ ಉಳಿಯುವವರ ಸರಾಸರಿ ನಿಮಿಷಗಳನ್ನು ಕೂಡಿ 200ರಿಂದ ಕಳೆಯುತ್ತೇನೆ. ಉಳಿದವರೇ 150 ನಿಮಿಷ ತಿನ್ನುತ್ತಿದ್ದರೆ ಮಿಕ್ಕಿದ್ದು 50. ಅದೇ ಪೋರ್ಟಲ್‌ನಿಂದ (ಕಾಲೇಜು ಬದಲಿಸುವವರ ಹೆಸರು ಸೇರುವ ಆನ್‌ಲೈನ್ ಪಟ್ಟಿ) ಇನ್ನೂ ಮೂವರು ಬರುತ್ತಿದ್ದರೆ ತಲೆಗೆ 12-13 ನಿಮಿಷ. ಕೋಚ್ ಫೋನಿನಲ್ಲಿ ‘ನಿನಗೆ 30 ನಿಮಿಷ ಗ್ಯಾರಂಟಿ’ ಅಂದಿದ್ದರೆ ಆ ಮಾತು ಇನ್ನೆಷ್ಟು ಕಿವಿಗೆ ಬಿದ್ದಿರಬಹುದು ಎಂದು ಯೋಚಿಸಬೇಕು. ಈ ಲೆಕ್ಕವನ್ನು ಸ್ಥಾನವಾರು ಮಾಡುವುದು ಮುಖ್ಯ. ಚೆಂಡು ನಡೆಸಿ ದಾಳಿ ಕಟ್ಟುವ ಪಾಯಿಂಟ್ ಗಾರ್ಡ್‌ಗೆ, ಬುಟ್ಟಿಯ ಬಳಿ ಆಡುವ ಎತ್ತರದ ಸೆಂಟರ್ ಬಿಟ್ಟುಹೋದ ಜಾಗದಿಂದ ಏನೂ ಲಾಭವಿಲ್ಲ.

ಎರಡನೆಯದು ಚೆಂಡಿನ ಪಾಲು. ಆಟಗಾರ ಅಂಗಣದಲ್ಲಿರುವಾಗ ತಂಡದ ಎಷ್ಟು ದಾಳಿಗಳು ಅವನ ಕೈಯಲ್ಲಿ ಮುಗಿಯುತ್ತವೆ ಅನ್ನುವುದೇ ಯೂಸೇಜ್. ಐವರಿಗೆ ಸಮನಾಗಿ ಹಂಚಿದರೆ ತಲಾ 20 ಶೇಕಡ. ಸಣ್ಣ ಕಾಲೇಜಿನ ತಾರೆ 28-30ರಲ್ಲಿ ಆಡುತ್ತಿರುತ್ತಾನೆ, ದೊಡ್ಡ ತಂಡದಲ್ಲಿ ಅವನಿಗೆ ಸಿಗುವುದು ಹೆಚ್ಚಾಗಿ 18-20. ಬಹಳ ಮಂದಿ ಎಡವುವುದು ಇಲ್ಲೇ. ಚೆಂಡು ಕೈಯಲ್ಲಿಲ್ಲದಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ. ಹಾಗಾಗಿ ವಿಡಿಯೊದಲ್ಲಿ ನಾನು ಹುಡುಕುವುದು ಅವನು ಹೊಡೆದ ಅಂಕಗಳನ್ನಲ್ಲ. ಪಾಸ್ ಹಿಡಿದ ಕೂಡಲೇ, ಡ್ರಿಬಲ್ ಮಾಡದೆ ಎಸೆದ ಮೂರು ಅಂಕದ ಹೊಡೆತ ಎಷ್ಟು ಶೇಕಡ ಬುಟ್ಟಿಗೆ ಬಿತ್ತು, ಮೂಲೆಯಲ್ಲಿ ನಿಂತಾಗ ಎದುರಾಳಿ ಅವನನ್ನು ಬಿಟ್ಟು ಒಳಗೆ ಸರಿಯುತ್ತಾನೋ ಇಲ್ಲವೋ, ಇವನ್ನು ಎಣಿಸುತ್ತೇನೆ. ಎದುರಾಳಿ ನಿರಾಳವಾಗಿ ಬಿಟ್ಟು ಹೋಗುತ್ತಿದ್ದರೆ ಹೊಸ ಕೋಚ್ ಅದನ್ನು ಮೊದಲ ವಾರದಲ್ಲೇ ಕಂಡುಕೊಳ್ಳುತ್ತಾರೆ.

ಅಂಕಿಅಂಶವನ್ನು ಸೋಸುವುದೂ ಒಂದು ಕೆಲಸ. ಸಣ್ಣ ತಂಡಗಳು ನವೆಂಬರ್-ಡಿಸೆಂಬರ್‌ನಲ್ಲಿ ದೊಡ್ಡ ತಂಡಗಳ ಅಂಗಣಕ್ಕೆ ಹೋಗಿ ಆಡುತ್ತವೆ, ಅದಕ್ಕೆ ದುಡ್ಡೂ ಸಿಗುತ್ತದೆ. ಆ ಐದಾರು ಪಂದ್ಯಗಳನ್ನಷ್ಟೇ ಬೇರೆ ತೆಗೆದು ನೋಡಬೇಕು. ಐದು ಪಂದ್ಯದಲ್ಲಿ ಶೂಟಿಂಗ್ ಶೇಕಡ ನಂಬುವ ಹಾಗಿಲ್ಲ, ಒಂದು ಒಳ್ಳೆಯ ರಾತ್ರಿ ಎಲ್ಲವನ್ನೂ ಕೆಡಿಸಿಬಿಡುತ್ತದೆ. ಆದರೆ ಬುಟ್ಟಿಯ ಹತ್ತಿರ ಏಳಡಿ ಎತ್ತರದವರ ಮುಂದೆ ಅವನ ಹೊಡೆತ ತಡೆಯಲ್ಪಡುತ್ತಿದೆಯೇ, ಉದ್ದ ಕೈಗಳ ಒತ್ತಡದಲ್ಲಿ ಚೆಂಡು ಕಳೆದುಕೊಳ್ಳುತ್ತಾನೆಯೇ ಅನ್ನುವುದು ಐದೇ ಪಂದ್ಯದಲ್ಲಿ ಗೊತ್ತಾಗುತ್ತದೆ.

ಡಾಲ್ಟನ್ ನೆಕ್ಟ್ ಹೆಸರನ್ನು ಎಲ್ಲರೂ ಉದಾಹರಿಸುತ್ತಾರೆ: ಜೂನಿಯರ್ ಕಾಲೇಜಿನಲ್ಲಿ (ಎರಡು ವರ್ಷದ ಕಾಲೇಜು) ಎರಡು ವರ್ಷ, ನಾರ್ದರ್ನ್ ಕೊಲರಾಡೊದಲ್ಲಿ ಎರಡು ವರ್ಷ, 2023ರಲ್ಲಿ ಟೆನೆಸಿಗೆ. ಅಲ್ಲಿ ಪಂದ್ಯಕ್ಕೆ 21.7 ಅಂಕ, ಟೆನೆಸಿ ಆಡುವ ಎಸ್‌ಇಸಿ ಲೀಗಿನ ವರ್ಷದ ಆಟಗಾರ, 2024ರ ಎನ್‌ಬಿಎ ಡ್ರಾಫ್ಟ್‌ನಲ್ಲಿ 17ನೇ ಆಯ್ಕೆ. ಕಾರಣ ಅವನ ಪ್ರತಿಭೆಯಷ್ಟೇ ಅಲ್ಲ. ಟೆನೆಸಿಯಲ್ಲಿ ಡಿಫೆನ್ಸ್ ಮೊದಲೇ ಗಟ್ಟಿಯಿತ್ತು, ಅಂಕ ತರುವ ಕೈ ಬೇಕಾಗಿತ್ತು. ಆ ಹೊಂದಾಣಿಕೆ ಎಲ್ಲೆಡೆ ಸಿಗುವುದಿಲ್ಲ.

ನನಗೆ ಹೆಚ್ಚು ಪಾಠ ಕಾಣುವುದು ಮಹಿಳಾ ತಂಡಗಳ ಗಾರ್ಡ್ ಹೇಲಿ ವ್ಯಾನ್ ಲಿತ್ ಪ್ರಕರಣದಲ್ಲಿ. ಲೂಯಿವಿಲ್‌ನಲ್ಲಿ 2022-23ರಲ್ಲಿ ಪಂದ್ಯಕ್ಕೆ 19.7 ಅಂಕ. ಚಾಂಪಿಯನ್ ತಂಡ ಎಲ್‌ಎಸ್‌ಯುಗೆ ಹೋದಾಗ ಪಾಯಿಂಟ್ ಗಾರ್ಡ್ ಕೆಲಸ ಅವಳ ಹೆಗಲಿಗೆ ಬಿತ್ತು, ಸುತ್ತ ಚೆಂಡು ಬೇಡುವ ತಾರೆಯರೇ. ಅಂಕ 11.6ಕ್ಕೆ ಇಳಿಯಿತು. ಮರುವರ್ಷ ಟಿಸಿಯು. ಅಲ್ಲಿ ಕೋಚ್ ಮಾರ್ಕ್ ಕ್ಯಾಂಪ್‌ಬೆಲ್ 6 ಅಡಿ 7 ಇಂಚಿನ ಸೆಡೋನಾ ಪ್ರಿನ್ಸ್ ಜೊತೆ ಪಿಕ್ ಅಂಡ್ ರೋಲ್ (ಜೊತೆಗಾರ್ತಿ ಎದುರಾಳಿಗೆ ಅಡ್ಡ ನಿಂತು, ಅಂದರೆ ಸ್ಕ್ರೀನ್ ಕೊಟ್ಟು, ಬಳಿಕ ಬುಟ್ಟಿಯತ್ತ ಓಡುವ ಜೋಡಿಯಾಟ) ಆಡಿಸಿದರು. 17.9 ಅಂಕ, ಬಿಗ್ 12 ಲೀಗಿನ ವರ್ಷದ ಆಟಗಾರ್ತಿ, 2025ರಲ್ಲಿ ಆ ಕಾಲೇಜಿಗೆ ಮೊದಲ ಬಾರಿ ಎಲೀಟ್ ಎಯ್ಟ್, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟು. ಒಂದೇ ವರ್ಷದಲ್ಲಿ ಅವಳ ಕೌಶಲ ಹೋಗಿ ಮರಳಿ ಬಂತೇನು? ಪಾಸ್ ಕೊಟ್ಟು ಓಡುವುದಕ್ಕೂ, ಸ್ಕ್ರೀನ್ ಬಳಸಿ ತಾನೇ ತೀರ್ಮಾನ ಮಾಡುವುದಕ್ಕೂ ಇರುವ ವ್ಯತ್ಯಾಸ ಅದು. ಆದ್ದರಿಂದ ಕೋಚ್‌ಗೆ ಕೇಳಬೇಕಾದ ಪ್ರಶ್ನೆ ‘ನನಗೆ ಎಷ್ಟು ನಿಮಿಷ’ ಎಂದಲ್ಲ. ‘ಶಾಟ್ ಕ್ಲಾಕ್‌ನಲ್ಲಿ (ದಾಳಿ ಮುಗಿಸಲು ಇರುವ ಗಡಿಯಾರ) 10 ಸೆಕೆಂಡ್ ಉಳಿದಾಗ ಚೆಂಡು ಯಾರ ಕೈಯಲ್ಲಿರುತ್ತದೆ, ನಾನು ಎಲ್ಲಿ ನಿಂತಿರುತ್ತೇನೆ?’ ಬೋರ್ಡ್ ಮೇಲೆ ಬರೆದು ತೋರಿಸಲು ಹೇಳಬೇಕು. ತಡವರಿಸಿದರೆ ಅದೂ ಒಂದು ಉತ್ತರ.

ಫ್ಲಾರಿಡಾ 2025ರ ಪುರುಷರ ರಾಷ್ಟ್ರೀಯ ಫೈನಲ್‌ನಲ್ಲಿ ಹೂಸ್ಟನ್ ವಿರುದ್ಧ 65-63ರಲ್ಲಿ ಗೆದ್ದಾಗ ಮೂವರು ಮುಖ್ಯ ಗಾರ್ಡ್‌ಗಳೂ ಬೇರೆ ಕಡೆಯಿಂದ ಬಂದವರು: ಅಯೋನಾದಿಂದ ವಾಲ್ಟರ್ ಕ್ಲೇಟನ್, ಬೆಲ್ಮಾಂಟ್‌ನಿಂದ ವಿಲ್ ರಿಚರ್ಡ್, ಫ್ಲಾರಿಡಾ ಅಟ್ಲಾಂಟಿಕ್‌ನಿಂದ ಅಲೈಜಾ ಮಾರ್ಟಿನ್. ಗಮನಿಸಿ, ರಿಚರ್ಡ್ ಬಂದಿದ್ದು 2022ರಲ್ಲಿ, ಕ್ಲೇಟನ್ 2023ರಲ್ಲಿ. ಹೊಸ ತಂಡದಲ್ಲಿ ಎರಡನೇ ವರ್ಷ ಉಳಿಯುವವರಿಗೆ ಸಿಗುವ ಲಾಭವನ್ನು ಈಗಿನ ಅವಸರದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂದೆ ತಂಡ ಬದಲಿಸಿದರೆ ಒಂದು ವರ್ಷ ಬೆಂಚಿನ ಹಿಂದೆ ಕೂರಬೇಕಿತ್ತು. ಆಬರ್ನ್‌ನಿಂದ ಬೇಲರ್‌ಗೆ ಹೋದ ಡೇವಿಯನ್ ಮಿಚೆಲ್ ಹಾಗೆ ಕೂತವನೇ. 2020-21ರಲ್ಲಿ ಮೂರು ಅಂಕದ ಹೊಡೆತ 44.7 ಶೇಕಡ, ಜೊತೆಗೆ ಚಾಂಪಿಯನ್‌ಶಿಪ್. 2021ರಲ್ಲಿ ಒಮ್ಮೆ ಮಾತ್ರ, 2024ರಿಂದ ಎಷ್ಟು ಸಲವಾದರೂ, ಓದಿನಲ್ಲಿ ಅರ್ಹತೆ ಇದ್ದರೆ ಕೂಡಲೇ ಆಡಬಹುದು.

ಕಾಗದದ ಕೆಲಸ ಸುಲಭ, ಎಡವಟ್ಟು ಅದರ ಸುತ್ತ. ಕಾಲೇಜಿನಲ್ಲಿ ನಿಯಮ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟರೆ ಎರಡು ಕೆಲಸದ ದಿನದಲ್ಲಿ ಹೆಸರು ಪೋರ್ಟಲ್‌ಗೆ ಹಾಕಬೇಕು. ಗಡುವು ಇರುವುದು ಹೆಸರು ಹಾಕಲು ಮಾತ್ರ, ಹೊಸ ಕಾಲೇಜು ಆರಿಸಲು ಅಲ್ಲ. ಇದು ತಿಳಿಯದೆ ಮೊದಲ ಫೋನಿಗೇ ಹೂಂ ಅನ್ನುವವರಿದ್ದಾರೆ. ಇನ್ನೊಂದು ಕಡೆ, ಹೆಸರು ಹಾಕಿದ ಮೇಲೆ ಹಳೆಯ ಕಾಲೇಜು ಆ ಟರ್ಮ್ ಮುಗಿದ ಬಳಿಕ ಸ್ಕಾಲರ್‌ಶಿಪ್ ನಿಲ್ಲಿಸಬಹುದು. ಮನಸ್ಸು ಬದಲಾದರೆ ವಾಪಸ್ ಜಾಗ ಇರುತ್ತದೆಂಬ ಭರವಸೆ ಇಲ್ಲ.

ಕ್ರೆಡಿಟ್ ವಿಷಯ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಆಡುವ ಅರ್ಹತೆಗೆ ಎರಡನೇ ವರ್ಷದ ಕೊನೆಗೆ ಪದವಿಯ 40 ಶೇಕಡ, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 80 ಮುಗಿದಿರಬೇಕು. 120 ಕ್ರೆಡಿಟ್‌ನ ಪದವಿಯಲ್ಲಿ 60 ಶೇಕಡ ಎಂದರೆ 72. ಕೈಯಲ್ಲಿ 75 ಇದ್ದರೂ ಹೊಸ ಕಾಲೇಜು ಆ ಪದವಿಗೆ 60 ಮಾತ್ರ ಒಪ್ಪಿದರೆ 12 ಕೊರತೆ, ಅಂದರೆ ಬೇಸಿಗೆಯಲ್ಲಿ ಮೂರು ಕ್ರೆಡಿಟ್‌ನ ನಾಲ್ಕು ಕೋರ್ಸ್. ‘ಎಲ್ಲ ಕ್ರೆಡಿಟ್ ತಗೋತೀವಿ’ ಅನ್ನುವ ಕೋಚ್ ಮಾತು ಸಾಲದು. ಯಾವ ಪದವಿಗೆ ಎಷ್ಟು ಎಂದು ಸಹಿ ಮಾಡುವ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು.

ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾಗೆ ಆಡಿದ ಮೇಲೆ ನಮ್ಮ ಕಡೆಯ ಹೆತ್ತವರೂ ಇದನ್ನು ಕೇಳುತ್ತಾರೆ. ಎಫ್-1 (ವಿದ್ಯಾರ್ಥಿ) ವೀಸಾದವರು ಪೋರ್ಟಲ್ ಜೊತೆಗೆ ವಿದೇಶಿ ವಿದ್ಯಾರ್ಥಿ ಆಫೀಸಿನ ಮೂಲಕ ಸೆವಿಸ್ (ಸರ್ಕಾರದ ವಿದೇಶಿ ವಿದ್ಯಾರ್ಥಿ ದತ್ತಾಂಶ) ದಾಖಲೆಯನ್ನೂ ವರ್ಗಾಯಿಸಿಕೊಂಡು, ಹೊಸ ಕಾಲೇಜು ಕೊಡುವ ಐ-20 ಪತ್ರ ಪಡೆಯಬೇಕು. ಹಳೆಯ ಕಡೆ ಓದು ನಿಂತ ಐದು ತಿಂಗಳೊಳಗೆ ಹೊಸ ತರಗತಿ ಶುರುವಾಗಬೇಕು. ಜಾಹೀರಾತಿನ ದುಡ್ಡಿಗೆ ಅಮೆರಿಕದ ನೆಲದಲ್ಲಿ ಕೆಲಸ ಮಾಡುವುದು ಎಫ್-1 ನಿಯಮಕ್ಕೆ ತೊಡಕು. ಸ್ನೇಹಿತರು ಮಾಡಿದ್ದಾರೆಂದು ಸಹಿ ಹಾಕದೆ ವಲಸೆ ವಕೀಲರಿಗೆ ತೋರಿಸಿ.

ಸೇರುವುದು ಜೂನ್‌ನಲ್ಲೇ ಆದರೆ ಒಳ್ಳೆಯದು. ಬೇಸಿಗೆಯಲ್ಲಿ ತಂಡದ ಅಭ್ಯಾಸಕ್ಕೆ, ವ್ಯಾಯಾಮವೂ ಸೇರಿ, 8 ವಾರ, ವಾರಕ್ಕೆ 8 ಗಂಟೆವರೆಗೆ ಸಿಗುತ್ತದೆ. ಹೊಸ ತಂಡದ ಡಿಫೆನ್ಸ್‌ನ ಕೂಗುಗಳು ಬಾಯಿಗೆ ಬರುವುದು ಅಷ್ಟರಲ್ಲೇ. ಬಾಲ್ ಸ್ಕ್ರೀನ್ ಬಂದಾಗ ಹಳೆಯ ತಂಡದಲ್ಲಿ ಹಿಂದೆ ಸರಿಯುತ್ತಿದ್ದವನು ಇಲ್ಲಿ ಮುಂದೆ ನುಗ್ಗಬೇಕಾಗಬಹುದು. ಆಗಸ್ಟ್‌ನಲ್ಲಿ ಬಂದವನಿಗೆ ನವೆಂಬರ್‌ನ ಮೊದಲ ಪಂದ್ಯದಲ್ಲೂ ಕಾಲು ಹಳೆಯ ದಿಕ್ಕಿಗೇ ಹೋಗುತ್ತದೆ. ಕೋಚ್ ಅವನನ್ನು ಹೊರಗೆ ಕರೆಯುವುದು ಶಾಟ್ ತಪ್ಪಿದ್ದಕ್ಕಲ್ಲ, ಆ ಅರ್ಧ ಹೆಜ್ಜೆಗೆ.