ಅಡಿಕೆ ಅಂಗಡಿಯ ಹಳೆ ಕಂಪ್ಯೂಟರಿಗೆ ನನ್ನ ಪೈಥಾನ್ ಸ್ಕ್ರಿಪ್ಟ್ ಹಾಕಿದ್ದು

ಕೇರಳದ ಕಾಸರಗೋಡಿನ ನಮ್ಮ ಬದಿಯಡ್ಕ ಕಡೆ ಒಬ್ಬರ ಹೆಸರು ಎರಡು ಲಿಪಿಯಲ್ಲಿ ಇರುತ್ತದೆ. ಅಂಗಡಿಯ ಪುಸ್ತಕದಲ್ಲಿ ಕನ್ನಡ, ರೇಷನ್ ಕಾರ್ಡಿನಲ್ಲಿ ಮಲಯಾಳ. ಅಡಿಕೆ ವ್ಯಾಪಾರ ಮಾಡುವ ನಮ್ಮ ಮಾವನಿಗೆ ಇವೆರಡನ್ನೂ ತಾಳೆ ನೋಡುವುದೇ ದೊಡ್ಡ ಕೆಲಸ. ಅದಕ್ಕೆಂದೇ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ, ಒಬ್ಬೊಬ್ಬರ ಅಡಿಕೆ ತೂಕವನ್ನೂ ಅದರಲ್ಲೇ ಹಾಕಿಡಬಹುದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡದ ‘ಕ’ಕ್ಕೆ 128 ಕೂಡಿಸಿದರೆ ಮಲಯಾಳದ ‘ಕ’ ಸಿಗುತ್ತದೆ, ಹೆಚ್ಚಿನ ಅಕ್ಷರಗಳಿಗೂ ಇದೇ ಲೆಕ್ಕ. ಎಷ್ಟು ಚೆಂದ ಅಲ್ವಾ? ಮಲಯಾಳದಲ್ಲಿ ಸ್ವರವಿಲ್ಲದ ವ್ಯಂಜನಕ್ಕೆ ಇರುವ ಚಿಲ್ಲಕ್ಷರಗಳು ಮಾತ್ರ ಇದಕ್ಕೆ ಸಿಗುವುದಿಲ್ಲ, ಅವುಗಳ ಪಟ್ಟಿಯನ್ನು ಬೇರೆ ಫೈಲಿನಲ್ಲಿ ಇಟ್ಟೆ. ಹೆಸರು ಹೋಲಿಸುವ ಭಾಗ ತುಂಬಾ ನಿಧಾನವಿತ್ತು, ಅದನ್ನು ಪೈಥಾನ್ ಕೋಡನ್ನು ವೇಗದ ಸಿ ಕೋಡಾಗಿ ಬದಲಿಸುವ ಸೈಥಾನ್‌ನಲ್ಲಿ ಬರೆದು ಕಂಪೈಲ್ ಮಾಡಿದೆ, ಅಂದರೆ ಯಂತ್ರಕ್ಕೆ ನೇರ ಅರ್ಥವಾಗುವ ರೂಪಕ್ಕೆ ತಂದೆ.

ಅಂಗಡಿಯ ಕಂಪ್ಯೂಟರಿನಲ್ಲಿ ಪೈಥಾನ್ ಇಲ್ಲ, ಇಂಟರ್ನೆಟ್ಟೂ ಇಲ್ಲ. ಪೈಥಾನ್ ಇಲ್ಲದ ಕಡೆಯೂ ಓಡುವಂತೆ ಸ್ಕ್ರಿಪ್ಟನ್ನು ಕಟ್ಟಿಕೊಡುವ ಪೈಇನ್‌ಸ್ಟಾಲರ್‌ನಲ್ಲಿ ಒಂದೇ ಎಕ್ಸಿ ಫೈಲ್ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ದೆ. ಓಪನ್ ಆಗಲೇ ಇಲ್ಲ. ಅದು 32 ಬಿಟ್‌ನ ವಿಂಡೋಸ್ 7, ನಾನು ಮಾಡಿದ್ದು 64 ಬಿಟ್‌ನಲ್ಲಿ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8. ಹಾಗಾಗಿ ಮನೆಗೆ ಬಂದು 3.8ರ 32 ಬಿಟ್ ಪೈಥಾನ್ ಹಾಕಿ, ಸೈಥಾನ್ ಭಾಗವನ್ನೂ ಅದರಲ್ಲೇ ಇನ್ನೊಮ್ಮೆ ಕಂಪೈಲ್ ಮಾಡಬೇಕಾಯಿತು. ಕಂಪೈಲ್ ಆಗಿ ಬರುವ ಹೊಸ ಪಿವೈಡಿ ಫೈಲಿನ ಹೆಸರಿನಲ್ಲೇ ‘ಸಿಪಿ38-ವಿನ್32’ ಎಂದು ಬರುತ್ತದೆ, ಸುಮ್ನೆ ಅದೊಂದನ್ನು ನೋಡಿಕೊಂಡರೆ ಸಾಕು.

ಎರಡನೇ ಸಲ ಕಪ್ಪು ಕಿಟಕಿ ಬಂದು ಮಾಯವಾಯಿತು. ಡಬಲ್ ಕ್ಲಿಕ್ ಬಿಟ್ಟು ಕಮಾಂಡ್ ಪ್ರಾಂಪ್ಟಿನಿಂದ ಓಡಿಸಿದಾಗ ತಪ್ಪು ಕಾಣಿಸಿತು. ಚಿಲ್ಲಕ್ಷರದ ಪಟ್ಟಿ ಇರುವ ಪೈಥಾನ್ ಫೈಲೇ (ಮಾಡ್ಯೂಲ್) ಸಿಗುತ್ತಿಲ್ಲ. ಯಾಕೆಂದರೆ ಪೈಇನ್‌ಸ್ಟಾಲರ್ ಪೈಥಾನ್ ಕೋಡಿನಲ್ಲಿ ಬೇರೆ ಫೈಲುಗಳನ್ನು ಕರೆಯುವ ಇಂಪೋರ್ಟ್ ಸಾಲುಗಳನ್ನು ಓದಿ ಏನೇನು ಬೇಕೆಂದು ತಿಳಿಯುತ್ತದೆ. ಆ ಪಟ್ಟಿಯನ್ನು ಕರೆಯುತ್ತಿದ್ದದ್ದು ಸೈಥಾನ್ ಭಾಗ ಮಾತ್ರ, ಕಂಪೈಲ್ ಆದ ಮೇಲೆ ಅದರೊಳಗಿನ ಇಂಪೋರ್ಟ್ ಹೊರಗಿನಿಂದ ಕಾಣುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಸ್ಕ್ರಿಪ್ಟ್ ಓಡಿಸುವಾಗ ಪಟ್ಟಿಯ ಫೈಲ್ ಪಕ್ಕದಲ್ಲೇ ಇತ್ತು, ಗೊತ್ತೇ ಆಗಲಿಲ್ಲ. ಪೈಇನ್‌ಸ್ಟಾಲರ್‌ಗೆ ಸೂಚನೆ ಕೊಡುವ ಸ್ಪೆಕ್ ಫೈಲಿನ ‘ಹಿಡನ್‌ಇಂಪೋರ್ಟ್ಸ್’ನಲ್ಲಿ ಆ ಹೆಸರು ಸೇರಿಸಿದೆ, ಓಡಿತು.

ನನಗೆ ನಿಜವಾಗಿ ಬೇಜಾರಾದದ್ದು ಆಮೇಲೆ. ಮಾವ ಬೆಳಿಗ್ಗೆಯಿಂದ ಕೂತು ಚಾಲಿ, ಪಟೋರ, ಕರಿಗೋಟು ಎಂದು ಅಡಿಕೆಯ ಬಗೆ ನೋಡಿ ಒಬ್ಬೊಬ್ಬರ ತೂಕವನ್ನೂ ಹಾಕಿ, ಊಟಕ್ಕೆ ಹೋಗುವಾಗ ಪ್ರೋಗ್ರಾಮ್ ಮುಚ್ಚಿದ್ದರು. ಬಂದು ತೆರೆದರೆ ಖಾಲಿ. ‘ಉದಿಯಪ್ಪಗ ಬರದ್ದು ಒಂದೂ ಇಲ್ಲೆ ಮಾಣಿ’ ಎಂದು ಫೋನ್ ಬಂತು. ಒಂದೇ ಫೈಲಿನ ಎಕ್ಸಿ ಪ್ರತಿ ಸಲವೂ ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರಿನೊಳಗೆ ಹೊಸ ಫೋಲ್ಡರ್ ಮಾಡಿ ತನ್ನನ್ನು ಬಿಚ್ಚಿಕೊಳ್ಳುತ್ತದೆ, ಮುಚ್ಚಿದಾಗ ಅದನ್ನು ಅಳಿಸುತ್ತದೆ. ನಾನು ಮಾವ ಹಾಕಿದ ಲೆಕ್ಕ ಉಳಿಯುವ ಡೇಟಾಬೇಸನ್ನು ಸ್ಕ್ರಿಪ್ಟ್ ಇರುವ ಜಾಗದಲ್ಲೇ ಇಡುವಂತೆ ಬರೆದಿದ್ದೆ, ಆ ಜಾಗ ಇದೇ ಫೋಲ್ಡರ್. ಸಂಜೆ ಇಬ್ಬರೂ ಕೂತು ಚೀಟಿ ನೋಡಿ ಎಲ್ಲವನ್ನೂ ಮತ್ತೆ ಹಾಕಿದೆವು. ಈಗ ಎಕ್ಸಿ ಎಲ್ಲಿದೆಯೋ ಅಲ್ಲೇ ಡೇಟಾಬೇಸ್ ಇರುತ್ತದೆ, ಅದರ ದಾರಿಯನ್ನು, ಓಡುತ್ತಿರುವ ಎಕ್ಸಿ ಎಲ್ಲಿದೆ ಎಂದು ಹೇಳುವ ‘ಸಿಸ್.ಎಕ್ಸಿಕ್ಯೂಟಬಲ್’ನಿಂದ ತೆಗೆದುಕೊಳ್ಳುತ್ತೇನೆ.

ಒಂದೇ ಫೈಲ್ ಮಾಡುವುದನ್ನೂ ಬಿಟ್ಟೆ. ಹಳೆ ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಸಲ ಬಿಚ್ಚಿಕೊಳ್ಳುವುದಕ್ಕೇ ಜಾಸ್ತಿ ಹೊತ್ತು ಬೇಕು, ಆಂಟಿವೈರಸ್ಸಿನ ಕಾಟ ಬೇರೆ. ಈಗ ಇಡೀ ಫೋಲ್ಡರ್ ಕೊಟ್ಟು, ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಇಟ್ಟಿದ್ದೇನೆ. ಹೊಸದು ಮಾಡಿದಾಗಲೆಲ್ಲ ಮೊದಲು ಪೈಥಾನ್ ಇಲ್ಲದ ಹಳೆ ಲ್ಯಾಪ್‌ಟಾಪಿನಲ್ಲಿ ಓಡಿಸಿ, ಎರಡು ಹೆಸರು ಹಾಕಿ, ಮುಚ್ಚಿ, ಮತ್ತೆ ತೆರೆದು ನೋಡುತ್ತೇನೆ. ಆ ಎರಡು ಹೆಸರು ಅಲ್ಲೇ ಇದ್ದರೆ ಮಾತ್ರ ಪೆನ್‌ಡ್ರೈವಿಗೆ ಹಾಕುತ್ತೇನೆ.